ಸಹಾಯ ಬೇಕು: ಹುಣ್ಣಾದ ಮೀನಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಚಳಿ ಬಲಿತ ಮೇಲೆ ನಮ್ಮ ಕೃಷಿಹೊಂಡದ ಮೃಗಾಲ ಮೀನುಗಳಲ್ಲಿಯೂ ಪಕ್ಕದ ಕೆರೆಯ ಕೊರವ ಮೀನುಗಳಲ್ಲಿಯೂ ಹುಣ್ಣು ಕಾಣಿಸಿಕೊಂಡಿದೆ. ನಿನ್ನೆ ಬಲೆಗೆ ಸಿಕ್ಕ ಕೊರವವೊಂದರ ಬಾಲದ ಬುಡದಲ್ಲಿ ನಾಣ್ಯದಗಲದ ಕೆಂಪು ಗಾಯವಿದ್ದು, ಸುತ್ತಲಿನ ಹುರುಪೆ ಉದುರಿ ಮಾಂಸ ಕಾಣುತ್ತಿತ್ತು. ಜೀವ ಇನ್ನೂ ಇತ್ತು, ನೋಡಿ ಸಂಕಟವಾಯಿತು. 1988ರಲ್ಲಿ ಭಾರತಕ್ಕೆ ಕಾಲಿಟ್ಟ, ಅಫನೊಮೈಸಿಸ್ ಇನ್ವಡಾನ್ಸ್ ಎಂಬ ಶಿಲೀಂಧ್ರದಂಥ ಜೀವಿಯಿಂದ ಬರುವ ಹುಣ್ಣುರೋಗವೇ ಇದಿರಬಹುದೆಂಬ ಅನುಮಾನ ನನಗಿದೆಯಾದರೂ, ಬ್ಯಾಕ್ಟೀರಿಯಾದಿಂದಲೂ ಇಂಥದೇ ಗಾಯವಾಗುವುದರಿಂದ ಅಂಗಾಂಶ ಪರೀಕ್ಷೆಯಾಗದೆ ಔಷಧ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಗಾಯದ ಅಂಚಿನ ತುಣುಕನ್ನು ಕೆಡದಂತೆ ಶೇ. 10ರ ಫಾರ್ಮಲಿನ್‌ನಲ್ಲಿ ಇಟ್ಟಿದ್ದೇನೆ. ರೋಗಾಣುವಿನ ಡಿಎನ್‌ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆಗೆಂದು ಇನ್ನೊಂದು ತುಣುಕನ್ನು ಎಥನಾಲ್‌ನಲ್ಲಿ ಇಡಬೇಕೇ, ಅಥವಾ ಜೀವಂತ ಮೀನನ್ನೇ ಆಮ್ಲಜನಕ ತುಂಬಿದ ಚೀಲದಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿಗೆ ಒಯ್ಯುವುದು ಒಳ್ಳೆಯದೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.