ಚರಂಡಿ ಇಲ್ಲದ ಜಮೀನಿನಲ್ಲಿ ಹೊಸ ಮನೆ: ಸೆಪ್ಟಿಕ್ ಟ್ಯಾಂಕ್ ಸಾಕೇ, ಇಂಗು ಕಾಲುವೆಯೂ ಬೇಕೇ?

ತೋಟದಮನೆ:

ಊರ ಚರಂಡಿ ತಲುಪದ ಜಮೀನಿನಲ್ಲಿ ಮನೆ ಏಳುತ್ತಿದೆ. ಐದು ಜನ, ಎರಡು ಶೌಚಾಲಯ, ಒಂದು ಅಡುಗೆಮನೆ, ಒಂದು ವಾಷಿಂಗ್ ಮೆಷಿನ್. ಗುಂಡಿ ತೋಡಿ ನೋಡಿದರೆ ಮೇಲಿನ ಒಂದೂವರೆ ಮೀಟರ್ ಮರಳು ಬೆರೆತ ಮಣ್ಣು, ಅದರ ಕೆಳಗೆ ಜಿಗುಟು ಜೇಡಿ. ಮಳೆಗಾಲದಲ್ಲಿ ಆ ಗುಂಡಿಯಲ್ಲಿ ನೆಲದಿಂದ 2 ಮೀಟರ್ ಕೆಳಗೆ ನೀರು ನಿಲ್ಲುತ್ತದೆ. ಕುಡಿಯುವ ನೀರಿನ ಬಾವಿ ಇರುವುದು ಮನೆಯಿಂದ ತಗ್ಗಿನ ಕಡೆ, 22 ಮೀಟರ್ ದೂರದಲ್ಲಿ.

ಮೇಸ್ತ್ರಿ ಸಲಹೆ: 3.5 ಮೀಟರ್ ಆಳಕ್ಕೆ ಸಿಮೆಂಟ್ ರಿಂಗ್ ಇಳಿಸಿ, ತಳ ಹಾಗೇ ಬಿಟ್ಟು, ಎಲ್ಲ ನೀರನ್ನೂ ಅದಕ್ಕೇ ಬಿಡುವುದು. "ತಳ ಬಿಟ್ಟರೆ ತುಂಬುವುದೇ ಇಲ್ಲ" ಎನ್ನುತ್ತಾರೆ. ಇದು ಸರಿಯೇ? ಟ್ಯಾಂಕ್ ಕಟ್ಟಿಸುವುದಾದರೆ ಅಳತೆ ಎಷ್ಟು? ಇಟ್ಟಿಗೆಯದೋ, ಪ್ಲಾಸ್ಟಿಕ್ಕಿನದೋ?

ಮಣ್ಣಿನ_ಲೆಕ್ಕ:

ಆ ರಿಂಗ್ ಗುಂಡಿ ಬೇಡವೇ ಬೇಡ. 3.5 ಮೀಟರ್ ಇಳಿದರೆ ತಳ ಜೇಡಿಯಲ್ಲಿರುತ್ತದೆ, ಮಳೆಗಾಲದಲ್ಲಿ ಅಂತರ್ಜಲದೊಳಗೇ ಮುಳುಗುತ್ತದೆ. ಆಗ ಮಲದ ನೀರು ಮಣ್ಣಿನಲ್ಲಿ ಸೋಸಿಕೊಳ್ಳದೆ ನೇರ ನೆಲದ ನೀರಿಗೆ ಬೆರೆಯುತ್ತದೆ. ಬಾವಿ ತಗ್ಗಿನಲ್ಲೇ ಇದೆ. "ತುಂಬುವುದೇ ಇಲ್ಲ" ಅನ್ನುವ ಗುಂಡಿಯ ನೀರು ಎಲ್ಲಿಗೆ ಹೋಗುತ್ತಿದೆ ಅನ್ನುವುದನ್ನು ಮೊದಲು ಕೇಳಬೇಕು.

ಟ್ಯಾಂಕಿನ ಕೆಲಸ ಗಟ್ಟಿಯನ್ನು ತಳಕ್ಕೆ ಇಳಿಸುವುದು, ಜಿಡ್ಡನ್ನು ಮೇಲೆ ತೇಲಿಸಿ ಹಿಡಿಯುವುದು, ಅಷ್ಟೇ. ಅದರಿಂದ ಹೊರಬರುವ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ರೋಗಾಣು ತುಂಬಿಕೊಂಡೇ ಇರುತ್ತದೆ. ಅದನ್ನು ಶುದ್ಧ ಮಾಡುವುದು ಗಾಳಿಯಾಡುವ ಒಣ ಮಣ್ಣು. ಹಾಗಾಗಿ ಟ್ಯಾಂಕಿನ ಅಳತೆಗಿಂತ ಮೊದಲು ಇಂಗು ಕಾಲುವೆಯ (ಟ್ಯಾಂಕಿನಿಂದ ಬಂದ ನೀರನ್ನು ಮಣ್ಣಿಗೆ ಇಂಗಿಸುವ, ಜಲ್ಲಿ ತುಂಬಿದ ಕಾಲುವೆ) ಜಾಗ ಗೊತ್ತು ಮಾಡಿಕೊಳ್ಳಿ. ಕಾಲುವೆಯ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ನಡುವೆ ಕಡಿಮೆಯೆಂದರೆ 1.2 ಮೀಟರ್ ಒಣ ಮಣ್ಣು ಬೇಕು. ನಿಮ್ಮಲ್ಲಿ ಕಾಲುವೆ 50 ಸೆಂ.ಮೀ. ಆಳವಿದ್ದರೆ ನೀರಿಗೆ ಒಂದೂವರೆ ಮೀಟರ್ ಸಿಗುತ್ತದೆ, ಜೇಡಿಗೆ ಒಂದು ಮೀಟರ್. ಇದಕ್ಕಿಂತ ಆಳಕ್ಕೆ ಹೋಗಬೇಡಿ.

ಬಾವಿಯಿಂದ ಕಾಲುವೆಗೆ 30 ಮೀಟರ್ ದೂರವಿರಲಿ. ಟ್ಯಾಂಕ್ 15 ಮೀಟರ್‌ಗಿಂತ ಹತ್ತಿರ ಬರಬಾರದು. ಬಾವಿ ತಗ್ಗಿನಲ್ಲಿರುವಾಗ ದೂರವನ್ನು ಒಂದಡಿಯೂ ಬಿಟ್ಟುಕೊಡಬೇಡಿ. ನಿಮ್ಮ ಪ್ರದೇಶದ ನಿಯಮ ಇನ್ನೂ ಹೆಚ್ಚು ಕೇಳಿದರೆ ಅದನ್ನೇ ಪಾಲಿಸಿ.

ಇನ್ನು ಇಂಗು ಪರೀಕ್ಷೆ. ಕಾಲುವೆ ಬರುವ ಜಾಗದಲ್ಲೇ ಮೂರು ಕಡೆ, ಕಾಲುವೆಯಷ್ಟೇ ಆಳಕ್ಕೆ, ಸುಮಾರು 20–30 ಸೆಂ.ಮೀ. ಅಗಲದ ಗುಂಡಿ ತೋಡಿ. ಗುದ್ದಲಿ ಉಜ್ಜಿ ನುಣುಪಾದ ಪಕ್ಕಗಳನ್ನು ಮೊಳೆಯಿಂದ ಕೆರೆದು, ಉದುರಿದ ಮಣ್ಣು ತೆಗೆದು, ತಳಕ್ಕೆ 5 ಸೆಂ.ಮೀ. ಸಣ್ಣ ಜಲ್ಲಿ ಹಾಕಿ. ಜಲ್ಲಿಯ ಮೇಲೆ 30 ಸೆಂ.ಮೀ. ನೀರು ನಿಲ್ಲಿಸಿ, ಕಡಿಮೆಯಾದಂತೆ ತುಂಬುತ್ತಾ ಕನಿಷ್ಠ ನಾಲ್ಕು ಗಂಟೆ ನೆನೆಸಿ ರಾತ್ರಿಯೆಲ್ಲ ಬಿಡಿ. ಒಣ ಮಣ್ಣು ಮೊದಲ ದಿನ ಗಟಗಟ ಕುಡಿಯುತ್ತದೆ. ಆ ವೇಗ ನಂಬಿ ಲೆಕ್ಕ ಹಾಕಿದರೆ ಮೊದಲ ಮಳೆಗಾಲಕ್ಕೇ ಅಂಗಳದಲ್ಲಿ ನೀರು ಏಳುತ್ತದೆ. ಮರುದಿನ ಜಲ್ಲಿಯ ಮೇಲೆ 15 ಸೆಂ.ಮೀ. ನೀರು ಹಾಕಿ, ಪ್ರತಿ 30 ನಿಮಿಷಕ್ಕೆ ಎಷ್ಟು ಇಳಿಯಿತು ಬರೆದುಕೊಂಡು, ಮತ್ತೆ 15ಕ್ಕೆ ತುಂಬಿ. ಹೀಗೆ ನಾಲ್ಕು ಗಂಟೆ. ಕೊನೆಯ ಅರ್ಧ ಗಂಟೆಯ ಇಳಿತವೇ ಲೆಕ್ಕಕ್ಕೆ.

ಉದಾಹರಣೆಗೆ ಕೊನೆಯಲ್ಲಿ 3.75 ಸೆಂ.ಮೀ. ಇಳಿದಿದ್ದರೆ, 2.5 ಸೆಂ.ಮೀ. ಇಳಿಯಲು 20 ನಿಮಿಷ. ಒಂದು ಚದರ ಮೀಟರ್ ದಿನಕ್ಕೆ ಹೀರುವ ಲೀಟರ್ ಎಷ್ಟು ಅಂದರೆ 204 ಅನ್ನು ಈ ನಿಮಿಷದ ವರ್ಗಮೂಲದಿಂದ ಭಾಗಿಸಿದಷ್ಟು. 20ರ ವರ್ಗಮೂಲ 4.47, ಅಂದರೆ ಸುಮಾರು 45 ಲೀಟರ್. ಐದು ಜನಕ್ಕೆ ತಲಾ 120ರಂತೆ ದಿನಕ್ಕೆ 600 ಲೀಟರ್ ನೀರು. 600ನ್ನು 45ರಿಂದ ಭಾಗಿಸಿದರೆ 13 ಚದರ ಮೀಟರ್ ಮೇಲಾಯಿತು. ನೆಂಟರು ಬಂದ ದಿನಕ್ಕೂ ಆಗುವಂತೆ 60 ಸೆಂ.ಮೀ. ಅಗಲದ, 9 ಮೀಟರ್ ಉದ್ದದ ಮೂರು ಕಾಲುವೆ ಹಾಕಿದರೆ 16 ಚದರ ಮೀಟರ್ ಸಿಗುತ್ತದೆ. ಕಾಲುವೆ ಕಾಲುವೆಗೆ ನಡುವೆ 2 ಮೀಟರ್ ಬಿಡಿ. ಇಷ್ಟೇ ಜಾಗವನ್ನು ಪಕ್ಕದಲ್ಲಿ ಖಾಲಿ ಉಳಿಸಿಕೊಳ್ಳಿ. ಮುಂದೊಂದು ದಿನ ಈ ಕಾಲುವೆಗಳು ಕಟ್ಟಿಕೊಂಡರೆ ಹೊಸದು ಹಾಕಲು ಅದೇ ಜಾಗ.

2.5 ಸೆಂ.ಮೀ. ಇಳಿಯಲು 60 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಈ ರೀತಿಯ ಕಾಲುವೆ ನಡೆಯುವುದಿಲ್ಲ. ದಿಬ್ಬ ಕಟ್ಟಿ ಮರಳಿನಲ್ಲಿ ಇಂಗಿಸುವ ವಿಧಾನಕ್ಕೆ ಹೋಗಬೇಕು.

ರಸಮಟ್ಟ:

ಟ್ಯಾಂಕಿನ ವಿಷಯ ನಾನು ಹೇಳುತ್ತೇನೆ. ಐದು ಜನಕ್ಕೆ ಒಳ ಅಳತೆ ಉದ್ದ 2.4 ಮೀಟರ್, ಅಗಲ 1 ಮೀಟರ್, ನೀರಿನ ಆಳ 1.2 ಮೀಟರ್. ಸುಮಾರು 2,900 ಲೀಟರ್ ಹಿಡಿಯುತ್ತದೆ. ನೀರಿನ ಮೇಲೆ 30 ಸೆಂ.ಮೀ. ಗಾಳಿ ಜಾಗ. ಉದ್ದದಲ್ಲಿ ಮೂರನೇ ಎರಡು ಭಾಗಕ್ಕೆ, ಅಂದರೆ 1.6 ಮೀಟರ್‌ಗೆ ಅಡ್ಡಗೋಡೆ. ಆ ಗೋಡೆಯಲ್ಲಿ ನೀರಿನ ಮಟ್ಟದಿಂದ 45–50 ಸೆಂ.ಮೀ. ಕೆಳಗೆ ಕಂಡಿ ಬಿಡಿ. ಮೇಲೆ ತೇಲುವ ಕೆನೆಯೂ ಕೆಳಗಿನ ರಾಡಿಯೂ ದಾಟದೆ, ನಡುವಿನ ತಿಳಿನೀರು ಮಾತ್ರ ಆಚೆ ಹೋಗಲಿ. ಗೋಡೆಯ ತಲೆ ಸ್ಲ್ಯಾಬಿಗೆ ತಾಗಬಾರದು, ಗ್ಯಾಸ್ ಓಡಾಡಲು ಜಾಗ ಬೇಕು.

ಒಳಬರುವ ಪೈಪ್‌ಗಿಂತ ಹೊರಹೋಗುವ ಪೈಪ್ 5ರಿಂದ 7 ಸೆಂ.ಮೀ. ಕೆಳಗಿರಲಿ. ಇದನ್ನು ಅದಲುಬದಲು ಮಾಡಿದ ಟ್ಯಾಂಕುಗಳು ಬೇಕಾದಷ್ಟಿವೆ. ಎರಡೂ ಪೈಪ್ ಒಂದೇ ಥರ ಕಾಣುವುದರಿಂದ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿಡಿ. ಎರಡಕ್ಕೂ 4 ಇಂಚಿನ ಟೀ (T ಆಕಾರದ ಪೈಪ್ ಜೋಡಣೆ) ಹಾಕಿ. ಒಳಬರುವ ಟೀ ಕಾಲು ನೀರಿನೊಳಗೆ 30 ಸೆಂ.ಮೀ., ಹೊರಹೋಗುವುದರ ಕಾಲು 45 ಸೆಂ.ಮೀ. ಟೀ ತಲೆ ತೆರೆದಿರಲಿ, ಬ್ಲಾಕ್ ಆದರೆ ಮೇಲಿಂದ ಕೋಲು ಹಾಕಿ ಬಿಡಿಸಬಹುದು. ಹೊರಹೋಗುವ ಟೀಗೆ ಕೈಯಲ್ಲಿ ಎಳೆದು ತೊಳೆಯುವಂಥ ಫಿಲ್ಟರ್ ಕೂರಿಸಿ. ಕಾಲುವೆಯ ಆಯಸ್ಸನ್ನು ಹೆಚ್ಚಿಸುವ ವಸ್ತು ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ಇನ್ನೊಂದಿಲ್ಲ. ಎರಡೂ ಟೀಗಳ ನೇರಕ್ಕೆ ಸ್ಲ್ಯಾಬಿನಲ್ಲಿ ಮುಚ್ಚಳ ಬೇಕು, ಮುಚ್ಚಳದ ಕಟ್ಟೆ ನೆಲಕ್ಕಿಂತ 10 ಸೆಂ.ಮೀ. ಎತ್ತರಿಸಿ. ಇಲ್ಲದಿದ್ದರೆ ಮಳೆನೀರೆಲ್ಲ ಟ್ಯಾಂಕಿಗೇ.

ಮನೆಯಿಂದ ಬರುವ 4 ಇಂಚಿನ ಪೈಪ್‌ಗೆ 50ಕ್ಕೆ 1ರ ಇಳಿಜಾರು, ಅಂದರೆ 10 ಮೀಟರ್‌ಗೆ 20 ಸೆಂ.ಮೀ. ತಿರುವಿನಲ್ಲಿ 90 ಡಿಗ್ರಿ ಬೆಂಡ್ ಬೇಡ, 45ರ ಎರಡು ಹಾಕಿ. ಗ್ಯಾಸ್ ಪೈಪ್ ನೆಲದಿಂದ 2 ಮೀಟರ್ ಮೇಲೆ, ಬಾಯಿಗೆ ಸೊಳ್ಳೆ ಪರದೆ.

ಇಟ್ಟಿಗೆಯೋ ಪ್ಲಾಸ್ಟಿಕ್ಕೋ ಎಂದರೆ, ಎರಡೂ ನಡೆಯುತ್ತದೆ. ಇಟ್ಟಿಗೆಯದಾದರೆ 15 ಸೆಂ.ಮೀ. ಕಾಂಕ್ರೀಟ್ ತಳ, 23 ಸೆಂ.ಮೀ. ಗೋಡೆ, ಒಳಗೆ 1:3 ಸಿಮೆಂಟ್-ಮರಳಿನ ಗಾರೆ, ಮೂಲೆಗಳನ್ನು ದುಂಡಗೆ ಮಾಡಿ. ಒಣಗಿದ ಮೇಲೆ ತುಂಬ ನೀರು ತುಂಬಿ ಒಂದು ದಿನ ಗೋಡೆ ಕುಡಿಯಲು ಬಿಡಿ. ಮತ್ತೆ ಗುರುತಿನವರೆಗೆ ತುಂಬಿ ಇನ್ನೊಂದು ದಿನ ನೋಡಿ. ಇಳಿದರೆ ಸೋರಿಕೆ. ಮಣ್ಣು ಮುಚ್ಚುವ ಮುಂಚೆಯೇ ಇದು ಆಗಬೇಕು.

ಪ್ಲಾಸ್ಟಿಕ್ ಆದರೆ ನೆಲದಡಿ ಹೂಳಲೆಂದೇ ಮಾಡಿದ, ಸುತ್ತ ಏಣುಗಳಿರುವ ಟ್ಯಾಂಕೇ ಬೇಕು. ತಾರಸಿ ಮೇಲಿಡುವ ನೀರಿನ ಟ್ಯಾಂಕ್ ಹೂತರೆ ಮಣ್ಣಿನ ಒತ್ತಡಕ್ಕೆ ಒಳಕ್ಕೆ ಬಾಗುತ್ತದೆ. ಮಣ್ಣನ್ನು 20 ಸೆಂ.ಮೀ. ಪದರದಲ್ಲಿ ತುಂಬುತ್ತಾ, ಒಳಗೆ ನೀರನ್ನೂ ಅದೇ ಮಟ್ಟಕ್ಕೆ ಏರಿಸುತ್ತಾ ಬನ್ನಿ. ನಿಮ್ಮಲ್ಲಿ ನೀರು 2 ಮೀಟರ್‌ಗೇ ಬರುವುದರಿಂದ ಇನ್ನೊಂದು ಎಚ್ಚರಿಕೆ: 3,000 ಲೀಟರ್‌ನ ಖಾಲಿ ಟ್ಯಾಂಕ್ ಪೂರ್ತಿ ನೀರಲ್ಲಿ ಮುಳುಗಿದರೆ ಸುಮಾರು 3 ಟನ್ ಬಲದಲ್ಲಿ ಮೇಲಕ್ಕೆ ಎತ್ತುತ್ತದೆ. ತಳಕ್ಕೆ ಕಾಂಕ್ರೀಟ್ ಹಾಕಿ ಪಟ್ಟಿ ಬಿಗಿಯಿರಿ, ಮಳೆಗಾಲದಲ್ಲಿ ಎಂದೂ ಖಾಲಿ ಮಾಡಿಸಬೇಡಿ.

ತೋಟದಮನೆ:

ಇಬ್ಬರಿಗೂ ವಂದನೆ. ಬಾವಿಯಿಂದ 30 ಮೀಟರ್ ಬಿಟ್ಟರೆ ಕಾಲುವೆಗೆ ಉಳಿಯುವುದು ಮನೆಯ ಹಿಂದಿನ ಜಾಗ. ಅದು ಟ್ಯಾಂಕ್ ಬರುವ ಜಾಗಕ್ಕಿಂತ 60 ಸೆಂ.ಮೀ. ಎತ್ತರದಲ್ಲಿದೆ. ನೀರು ಏರುವುದು ಹೇಗೆ?

ಮೋಟಾರ್‌ಮನೆ:

ಪಂಪ್ ಹಾಕಿ. ತೊಂದರೆಯೇನಿಲ್ಲ, ಕಾಲುವೆಗೆ ಒಳ್ಳೆಯದೇ. ತಾನಾಗಿ ಹರಿಯುವಾಗ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಮೊದಲ ಕಾಲುವೆಯ ಬಾಯಲ್ಲೇ ಇಂಗುತ್ತದೆ, ಆ ಜಾಗ ಬೇಗ ಕಟ್ಟಿಕೊಳ್ಳುತ್ತದೆ. ಪಂಪ್ ಒಮ್ಮೆಲೇ ಕಳಿಸಿದರೆ ಪೈಪ್ ಉದ್ದಕ್ಕೂ ಹರಡುತ್ತದೆ, ನಡುವೆ ಮಣ್ಣಿಗೆ ಉಸಿರಾಡಲು ಬಿಡುವೂ ಸಿಗುತ್ತದೆ.

ಟ್ಯಾಂಕಿನ ಆಚೆ 1 ಮೀಟರ್ × 1 ಮೀಟರ್ ಒಳ ಅಳತೆಯ ಬೇರೆ ತೊಟ್ಟಿ ಕಟ್ಟಿ. ಅದರಲ್ಲಿ ಪ್ರತಿ ಸೆಂ.ಮೀ. ಎತ್ತರಕ್ಕೆ 10 ಲೀಟರ್. ಫ್ಲೋಟ್ ಸ್ವಿಚ್ (ನೀರಿನ ಮಟ್ಟದ ಜೊತೆ ತೇಲಿ ಪಂಪ್ ಓಡಿಸುವ, ನಿಲ್ಲಿಸುವ ಸ್ವಿಚ್) ಆನ್ ಆಗುವ ಮಟ್ಟಕ್ಕೂ ಆಫ್ ಆಗುವ ಮಟ್ಟಕ್ಕೂ 15 ಸೆಂ.ಮೀ. ಅಂತರವಿಟ್ಟರೆ ಒಂದು ಸಲಕ್ಕೆ 150 ಲೀಟರ್, ದಿನಕ್ಕೆ ನಾಲ್ಕು ಸಲ. ನಿಮ್ಮ 27 ಮೀಟರ್ 4 ಇಂಚಿನ ಪೈಪ್ ಸುಮಾರು 210 ಲೀಟರ್ ಹಿಡಿಯುತ್ತದೆ, 150 ಅದಕ್ಕೆ ಹೊಂದುವ ಪ್ರಮಾಣ. ಆನ್ ಮಟ್ಟದ 10 ಸೆಂ.ಮೀ. ಮೇಲೆ ಅಲಾರಂ ಫ್ಲೋಟ್, ಅದರ ಮೇಲೆ 60 ಸೆಂ.ಮೀ. ಖಾಲಿ ಜಾಗ. ಕರೆಂಟ್ ಹೋದರೆ ಒಂದು ದಿನದ ನೀರು ಅಲ್ಲಿ ನಿಲ್ಲುತ್ತದೆ. ಅಲಾರಂಗೆ ಪಂಪಿನ ಲೈನ್ ಬಿಟ್ಟು ಬೇರೆ ಲೈನ್ ಕೊಡಿ. ಫ್ಯೂಸ್ ಹೋದಾಗ ಎರಡೂ ಒಟ್ಟಿಗೆ ಸುಮ್ಮನಾದರೆ ಅಲಾರಂ ಇದ್ದೂ ಪ್ರಯೋಜನವಿಲ್ಲ.

ಕೊಳೆ ನೀರಿಗೆಂದೇ ಮಾಡಿದ ಅರ್ಧ ಎಚ್‌ಪಿ ಮುಳುಗು ಪಂಪ್ ಸಾಕು. ತಳದಲ್ಲಿ ಇಡದೆ 15–20 ಸೆಂ.ಮೀ. ಎತ್ತರದ ಕಲ್ಲಿನ ಮೇಲೆ ಕೂರಿಸಿ. ಪೈಪ್‌ಗೆ ನಾನ್ ರಿಟರ್ನ್ ವಾಲ್ವ್ ಮತ್ತು ಕೈಗೆಟಕುವ ಎತ್ತರದಲ್ಲಿ ಯೂನಿಯನ್ (ಬಿಚ್ಚಿ ಮತ್ತೆ ಜೋಡಿಸಬಹುದಾದ ಪೈಪ್ ಜೋಡಣೆ) ಹಾಕಿ, ಪಂಪ್ ಕೆಟ್ಟರೆ ಹಗ್ಗ ಹಿಡಿದು ಮೇಲಿಂದಲೇ ಎತ್ತಬಹುದು. ಆ ತೊಟ್ಟಿಗೂ ಯಾರೂ ಇಳಿಯುವಂತಿರಬಾರದು.

ಮಣ್ಣಿನ_ಲೆಕ್ಕ:

ಪಂಪ್ ನೀರು ಬಂದು ಬೀಳುವ ಹಂಚಿಕೆ ತೊಟ್ಟಿಯ ಬಗ್ಗೆ ಒಂದು ಮಾತು. ಅದು ಕೆಲವೇ ಮಿಲಿಮೀಟರ್ ವಾಲಿದರೂ ಮುಕ್ಕಾಲು ನೀರು ಒಂದೇ ಕಾಲುವೆಗೆ ಹೋಗುತ್ತದೆ. ಕಾಂಕ್ರೀಟ್ ಹಾಸಿನ ಮೇಲೆ ಕೂರಿಸಿ, ನೀರು ಸುರಿದು, ಮೂರೂ ಬಾಯಿ ಒಟ್ಟಿಗೆ ಒದ್ದೆಯಾಗುತ್ತವೆಯೇ ನೋಡಿ. ಪಂಪ್ ಪೈಪ್‌ನ ಬಾಯಿಗೆ ಕೆಳಮುಖವಾಗಿ ಎಲ್ಬೋ ಹಾಕಿ, ಇಲ್ಲದಿದ್ದರೆ ಚಿಮ್ಮಿದ ನೀರು ಎದುರಿನ ಬಾಯಿಗೇ ನುಗ್ಗುತ್ತದೆ.

ಕಾಲುವೆ ತೋಡುವ ದಿನ ಒಂದು ಹಿಡಿ ಮಣ್ಣನ್ನು ಆ ಆಳದಿಂದಲೇ ತೆಗೆದು ಅಂಗೈಗಳ ನಡುವೆ ಹೊಸೆಯಿರಿ. ಪೆನ್ಸಿಲ್‌ಗಿಂತ ಸಣ್ಣ ಎಳೆಯಾಗಿ ಮುರಿಯದೆ ಬಂದರೆ ಮಣ್ಣು ಹಸಿಯಾಗಿದೆ, ಆ ದಿನ ಕೆಲಸ ನಿಲ್ಲಿಸಿ. ಪುಡಿಪುಡಿಯಾದರೆ ತೋಡಬಹುದು. ಹಸಿ ಮಣ್ಣಿನಲ್ಲಿ ಯಂತ್ರದ ಬಕೆಟ್ ಎಳೆದರೆ ತಳ ಗಾರೆ ಮೆತ್ತಿದಂತೆ ಹೊಳೆಯುತ್ತದೆ, ಆ ಹೊಳಪೇ ನೀರಿಗೆ ಬೀಗ. ಹೊಳಪು ಕಂಡಲ್ಲೆಲ್ಲ ಕುಂಟೆ ಹಲ್ಲಿನಿಂದ ಕೆರೆದು ಒರಟು ಮಾಡಿ. ಯಂತ್ರ ಕಾಲುವೆಯ ಒಳಗೆ ಹತ್ತದಿರಲಿ.

ಕಾಲುವೆಗಳು ಇಳಿಜಾರಿಗೆ ಅಡ್ಡಲಾಗಿ ಇರಬೇಕು, ಪ್ರತಿಯೊಂದರ ತಳ ಉದ್ದಕ್ಕೂ ಸಮಮಟ್ಟ. ತೊಳೆದ 20–40 ಎಂಎಂ ಜಲ್ಲಿ 15 ಸೆಂ.ಮೀ., ಅದರ ಮೇಲೆ ತೂತು ಪೈಪ್ (ತೂತುಗಳು ಕೆಳಮುಖವಾಗಿ), ಪೈಪ್ ಮುಚ್ಚಿ ಮೇಲೆ 5 ಸೆಂ.ಮೀ. ಜಲ್ಲಿ. ಒಟ್ಟು ಸುಮಾರು 5 ಘನ ಮೀಟರ್ ಬೇಕಾಗುತ್ತದೆ. ತೊಳೆಯದ ಜಲ್ಲಿಯ ಪುಡಿ ಇಳಿದು ತಳ ಮುಚ್ಚುತ್ತದೆ. ಜಲ್ಲಿಯ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ಮಣ್ಣನ್ನು ತಡೆದು ನೀರು, ಗಾಳಿ ಬಿಡುವ ಬಟ್ಟೆ) ಹಾಸಿ ಮಣ್ಣು ಮುಚ್ಚಿ. ಪ್ಲಾಸ್ಟಿಕ್ ಹಾಳೆ ಬೇಡ, ಗಾಳಿ ನಿಲ್ಲುತ್ತದೆ. ಮಣ್ಣು ಕುಸಿಯುವುದರಿಂದ 10 ಸೆಂ.ಮೀ. ದಿಂಡು ಬಿಡಿ. ಪ್ರತಿ ಕಾಲುವೆಯ ಕೊನೆಗೆ ತಳದಿಂದ ನೆಲದವರೆಗೆ ಒಂದು ನಿಂತ ಪೈಪ್, ಮೇಲೆ ಕ್ಯಾಪ್. ಒಳಗೆ ನೀರು ನಿಂತಿದೆಯೇ ಎಂದು ಅಲ್ಲಿಂದ ತಿಳಿಯುತ್ತದೆ.

ಮೇಲೆ ಹುಲ್ಲು ಮಾತ್ರ. ಮರ ಬೇಡ, ಗಾಡಿ ನಿಲ್ಲಿಸಬೇಡಿ, ತಾರಸಿಯ ಮಳೆನೀರನ್ನು ಆ ಕಡೆ ತಿರುಗಿಸಬೇಡಿ.

ರಸಮಟ್ಟ:

ಬಳಸಲು ಶುರುಮಾಡಿದ ಮೇಲೆ ಗಮನಿಸಬೇಕಾದದ್ದು: ಅಡುಗೆಮನೆ ನೀರು ಜಿಡ್ಡು ಹಿಡಿಯುವ ಸಣ್ಣ ತೊಟ್ಟಿ ದಾಟಿಯೇ ಟ್ಯಾಂಕಿಗೆ ಬರಲಿ. ವಾಷಿಂಗ್ ಮೆಷಿನ್ ವಾರದ ಬಟ್ಟೆಯನ್ನೆಲ್ಲ ಒಂದೇ ದಿನ ಒಗೆದರೆ ರಾಡಿ ಕದಡಿ ಮುಂದೆ ಹೋಗುತ್ತದೆ, ಹಂಚಿ ಒಗೆಯಿರಿ. ಒದ್ದೆ ವೈಪ್ಸ್, ಪ್ಯಾಡ್ ಕಮೋಡಿಗೆ ಹಾಕಲೇಬಾರದು. ಸಗಣಿ, ಯೀಸ್ಟ್, ಬ್ಯಾಕ್ಟೀರಿಯಾ ಪುಡಿ ಯಾವುದೂ ಬೇಡ. ಬೇಕಾದ ಜೀವಿಗಳು ಮಲದಲ್ಲೇ ಇರುತ್ತವೆ.

ರಾಡಿ ಮತ್ತು ಕೆನೆ ಸೇರಿ ನೀರಿನ ಆಳದ ಮೂರನೇ ಒಂದು ಭಾಗ, ನಿಮ್ಮಲ್ಲಿ 40 ಸೆಂ.ಮೀ., ಆದಾಗ ಸಕ್ಕಿಂಗ್ ಗಾಡಿ ಕರೆಸಿ. ಯಾರೂ, ಎಷ್ಟೇ ಸ್ವಲ್ಪ ಹೊತ್ತಿಗಾದರೂ, ಟ್ಯಾಂಕಿನೊಳಗೆ ಇಳಿಯಕೂಡದು. ಒಳಗಿನ ಹೈಡ್ರೋಜನ್ ಸಲ್ಫೈಡ್ ಮೂಗಿನ ಶಕ್ತಿಯನ್ನೇ ಮೊದಲು ಕೊಲ್ಲುತ್ತದೆ, ವಾಸನೆ ಇಲ್ಲವೆಂದರೆ ಗ್ಯಾಸ್ ಇಲ್ಲವೆಂದಲ್ಲ. ಮೊದಲು ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿದುಹೋಗುತ್ತಾರೆ. ಮುಚ್ಚಳಕ್ಕೆ ಮಕ್ಕಳಿಂದ ತೆಗೆಯಲಾಗದಂತೆ ಬೋಲ್ಟ್ ಹಾಕಿಸಿ.

ರಾಡಿ ಅಳೆಯುವುದು ಸುಲಭ. ಉದ್ದ ಕೋಲಿನ ಕೆಳಗಿನ ಒಂದು ಮೀಟರ್‌ಗೆ ಬಿಳಿ ಟವಲ್ ಬಿಗಿಯಾಗಿ ಸುತ್ತಿ, ಮುಚ್ಚಳದ ಹೊರಗೆ ನಿಂತು, ಕೆನೆ ಬದಿಗೆ ಸರಿಸಿ ತಳ ಮುಟ್ಟುವವರೆಗೆ ಇಳಿಸಿ. ಎರಡು ಮೂರು ನಿಮಿಷ ಬಿಟ್ಟು ನಿಧಾನ ಮೇಲೆತ್ತಿ. ರಾಡಿ ಇದ್ದಷ್ಟು ಎತ್ತರಕ್ಕೆ ಕಪ್ಪು ಕಣಗಳು ಬಟ್ಟೆಯ ಎಳೆಗೆ ಅಂಟಿರುತ್ತವೆ, ಮೇಲಿನ ಭಾಗ ಬರೀ ಒದ್ದೆ. ಆ ಗೆರೆಯನ್ನು ಟೇಪಿನಲ್ಲಿ ಅಳೆದು ತಾರೀಖು ಸಮೇತ ಬರೆದಿಡಿ. ವರ್ಷಕ್ಕೊಮ್ಮೆ ಅಳೆದರೆ ಮುಂದಿನ ಸಲ ಯಾವಾಗ ಖಾಲಿ ಮಾಡಿಸಬೇಕೆಂದು ಮೂರನೇ ವರ್ಷಕ್ಕೆ ಆ ಪಟ್ಟಿಯೇ ಹೇಳುತ್ತದೆ.