ರನ್‌ವೇ ಮೇಲೆ ಮೆಕ್ಕೆಜೋಳ ಒಣಹಾಕೋದು ನಿಲ್ಲಬೇಕು

(ನಮ್ಮ ಬಡಾವಣೆ ವಾಟ್ಸಾಪ್ ಗುಂಪಿನಿಂದ)

ಮಂಜಣ್ಣ, 3ನೇ ಕ್ರಾಸ್, ರಾತ್ರಿ 1:40: ನಮ್ಮ ರನ್‌ವೇಲಿ ಇಳಿದ ಪುಟ್ಟ ವಿಮಾನ, ಒಣಹಾಕಿದ್ದ ಮೆಕ್ಕೆಜೋಳದ ಮೇಲೆ ಜಾರಿ ಚರಂಡಿಗೆ ಮೂಗು ಊರಿ ಬಿದ್ದೈತೆ, ರೆಕ್ಕೆಯಿಂದ ಪೆಟ್ರೋಲ್ ತೊಟ್ಟಿಕ್ತಾ ಐತೆ, ನಮ್ಮೋರು ಬೀಡಿ ಹಚ್ಕೊಂಡು ಸೆಲ್ಫಿ ತಗೀತಾರೆ! ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯೋಕೆ ಹೋದೋರು ಯಾರ್ರೀ? ಒಳಗಿದ್ದ ಇಬ್ಬರೂ ನಡ್ಕೊಂಡೇ ಬಂದ್ರು, ದೇವರ ದಯೆ. ಆ ಜೋಳ ಯಾರದು, ಇಲ್ಲೇ ಹೇಳ್ರಿ.

ರುದ್ರೇಶ್: ಜೋಳದ ಮೇಲೆ ಹಾಕಬೇಡ್ರಿ. ತೇವ ಶೇ. 14ಕ್ಕೆ ಇಳೀದಿದ್ರೆ ರೇಟ್ ಸಿಗಲ್ಲ, ರೈತರು ಎಲ್ಲಿ ಹರವಬೇಕು? ತಪ್ಪು ಪೈಲಟ್‌ದು. ಲೈಟಿಲ್ಲದ ಕಡೆ ಮುಸ್ಸಂಜೇಲಿ ಯಾಕೆ ಇಳಿಸ್ದ?

ಕುಮಾರ್: ದಾವಣಗೆರೆಗೂ ಏರ್‌ಪೋರ್ಟ್ ಬಂತು ಅಂದ್ಕೊಳ್ರಿ 😄

ಶೋಭಕ್ಕ: ನಗೋ ಹೊತ್ತಲ್ಲ ಕುಮಾರ.

ಪ್ರಕಾಶ್ ಸಾರ್: ಮೊದಲು ಎಲ್ಲರೂ ದೂರ ನಿಲ್ಲಿ, ಬೆಂಕಿಕಡ್ಡಿ ಬೇಡ. ತನಿಖೆಯವರು ಹೇಳೋವರೆಗೂ ವಿಮಾನ ಅಲುಗಿಸಬಾರದು. ರುದ್ರೇಶ್, ಗಾಳಿ ದಿಕ್ಕು ತೋರಿಸೋ ಗಾಳಿಚೀಲ ಹರಿದು ಬರೀ ಕಂಬ ಉಳಿದೈತೆ, ಮೂಡಗಾಳಿ ಬೆನ್ನಿಗೆ ಬಿದ್ದದ್ದು ಮೇಲಿಂದ ಹೇಗೆ ತಿಳೀಬೇಕು? ಈ ಪುಟ್ಟ ವಿಮಾನ ಸೆಸ್ನಾ 172ರ ಕೈಪಿಡಿಯಲ್ಲೇ ಐತೆ: ಹಿಂಗಾಳಿ ಪ್ರತಿ 2 ನಾಟ್‌ಗೆ (ಒಂದು ನಾಟ್ ಅಂದ್ರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಇಳಿಯೋ ದೂರ ಶೇ. 10 ಹೆಚ್ಚು. ಒಣಗಿದ ಹುಲ್ಲಿನ ರನ್‌ವೇ ಆದ್ರೆ ಚಕ್ರ ತಾಗಿದ ಮೇಲಿನ ನೆಲದ ಓಟ ಶೇ. 45 ಹೆಚ್ಚು. ನಮ್ಮೂರು 600 ಮೀಟರ್ ಎತ್ತರ, ಗಾಳಿ ತೆಳು, ವೇಗದ ಮೀಟರ್ 60 ನಾಟ್ ತೋರಿಸಿದ್ರೂ ನಿಜವಾದ ವೇಗ ಜಾಸ್ತಿನೇ. ಅದರ ಮೇಲೆ ಕಾಳು ಟೈರಿನಡಿ ಗೋಲಿ ಥರ ಉರುಳಿದ್ರೆ ಬ್ರೇಕ್ ಎಲ್ಲಿ ಹಿಡಿಯುತ್ತೆ? ಕಾಳಿಗಿಂತ ಕೆಟ್ಟದ್ದು ತಾಡಪಾಲ್ ಹಾರದಂತೆ ಇಟ್ಟು ಅಲ್ಲೇ ಬಿಟ್ಟುಹೋಗೋ ಕಲ್ಲು. ಪ್ರೊಪೆಲ್ಲರ್ ತುದಿಗೂ ನೆಲಕ್ಕೂ ಒಂದಡಿ ಅಂತರ ಇರಲ್ಲ. ನೆಲಕ್ಕೋ ದೊಡ್ಡ ಕಲ್ಲಿಗೋ ಬಡಿದ್ರೆ ಬ್ಲೇಡ್ ಬದಲಿಸಿದ್ರೆ ಸಾಲದು, ಎಂಜಿನ್ ಬಿಚ್ಚಿ ಅದನ್ನ ತಿರುಗಿಸೋ ದಂಡ, ಕ್ರ್ಯಾಂಕ್‌ಶಾಫ್ಟ್ ನೋಡಬೇಕು.

ರುದ್ರೇಶ್: ಹಂಗಾದ್ರೆ ಮತ್ತೆ ಮೇಲೇಳಬೇಕಿತ್ತು. ಎರಡು ಸಲ ಪುಟೀತು, ಎಲ್ರೂ ನೋಡ್ಯಾರೆ.

ಪ್ರಕಾಶ್ ಸಾರ್: ಮೊದಲ ಪುಟಿತಕ್ಕೇ ಪೂರ್ತಿ ಥ್ರಾಟಲ್, ಅಂದ್ರೆ ಎಂಜಿನ್‌ಗೆ ಪೂರ್ತಿ ಬಲ ಕೊಟ್ಟು ಏಳಬೇಕು, ಅದು ಖರೆ. ಮೂಗು ಕೆಳಗೊತ್ತಿದ್ರೆ ಮುಂದಿನ ಚಕ್ರದ ಕಾಲು ಮುರಿಯುತ್ತೆ. ಆದ್ರೆ ಕಲ್ಲು ಇಟ್ಟೋರು ನಾವು.

ಫಾರ್ವರ್ಡ್: 🌹 ಶುಭೋದಯ. ಹತ್ತು ಜನರಿಗೆ ಕಳಿಸಿ, ಸಂಜೆಯೊಳಗೆ ಶುಭಸುದ್ದಿ 🌹

ಶೋಭಕ್ಕ: ಕೋಳಿ ತ್ಯಾಜ್ಯ ಆ ತುದಿಗೆ ಸುರಿಯೋದೂ ನಿಲ್ಲಲಿ, ಹದ್ದು ನಾಯಿ ಎಲ್ಲಾ ಅಲ್ಲೇ. 1937ರ ವಿಮಾನ ನಿಯಮಗಳಲ್ಲಿ 91ನೇದು ನೋಡ್ರಿ, ವಿಮಾನ ನಿಲ್ದಾಣದ 10 ಕಿಲೋಮೀಟರ್ ಒಳಗೆ ಕಸ ಹಾಕಂಗಿಲ್ಲ. ಗಾಳಿಚೀಲ ನಾನು ಹೊಲಿದು ಕೊಡ್ತೀನಿ, ಅಳತೆ ಹೇಳ್ರಿ.

ಪ್ರಕಾಶ್ ಸಾರ್: ಉದ್ದ 3.6 ಮೀಟರ್, ಬಾಯಿ 0.9 ಮೀಟರ್ ಅಡ್ಡಳತೆ, ಕಿತ್ತಳೆ ಬಿಳಿ ಪಟ್ಟೆ. ಭಾನುವಾರ 6:30ಕ್ಕೆ 20 ಜನ ಸಾಲಾಗಿ ನಿಂತು ಈ ತುದಿಯಿಂದ ಆ ತುದಿಗೆ ಕಲ್ಲು ಆಯೋಣ.

ರುದ್ರೇಶ್: ಅಷ್ಟು ಜನ ಸೇರಿದ್ರೆ ಮೊದಲು ನಾಯಿ ಹಿಡಿಸ್ರಿ.

ಗೀತಾ, 4ನೇ ಕ್ರಾಸ್: ನಮಗೆ ನಾಲ್ಕು ದಿನದಿಂದ ನಲ್ಲಿ ನೀರಿಲ್ಲ.

ರುದ್ರೇಶ್: ಹೌದಲ್ಲ! ಭಾನುವಾರ ಅದಕ್ಕೇ ಸೇರೋಣ, ವಾಲ್ವ್‌ಮನ್‌ನ ಕರೆಸ್ತೀನಿ. 👍 ಹಾಕ್ರಿ.

👍👍👍👍👍👍👍

ಪ್ರಕಾಶ್ ಸಾರ್: ಕಲ್ಲು ಆಯೋಕೆ ಇಲ್ಲಿತನಕ ಮಂಜಣ್ಣ, ಶೋಭಕ್ಕ. ಇನ್ಯಾರು?