ಮತ್ತೆ ತೆರೆದ ಥಿಯೇಟರ್‌ನಲ್ಲಿ ಥರಾವರಿ ಸಿನಿಮಾ ಹಾಕಬೇಕು, ಶುರು ಎಲ್ಲಿಂದ?

ಎರಡನೇಪರದೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಯಾವ ಮಲ್ಟಿಪ್ಲೆಕ್ಸ್ ಕಂಪನಿಗೂ ಸೇರದ ಸಣ್ಣ ಥಿಯೇಟರ್. ರಿಪೇರಿಗೆಂದು ಮುಚ್ಚಿದ್ದೆವು, ಈಗ ಮತ್ತೆ ತೆರೆದಿದ್ದೇವೆ. ಮೊದಲು ಪರದೆ ಒಂದೇ ಇತ್ತು. ಈಗ ಪಕ್ಕದಲ್ಲಿ ಒಂದು ಚಿಕ್ಕ ಹಾಲ್ ಬಂದಿದೆ. ಇಷ್ಟು ದಿನ ಹೊಸದಾಗಿ ಬಿಡುಗಡೆಯಾದದ್ದನ್ನು ಮಾತ್ರ ಹಾಕುತ್ತಿದ್ದೆವು. ಇನ್ನು ಮೇಲೆ ಹಳೆಯ ಕ್ಲಾಸಿಕ್, ಡಾಕ್ಯುಮೆಂಟರಿ, ಬೇರೆ ದೇಶಗಳ ಸಿನಿಮಾ, ಮಕ್ಕಳ ಸಿನಿಮಾ, ಕಿರುಚಿತ್ರ ಎಲ್ಲವೂ ಬರಲಿ ಅಂತ ಆಸೆ.

ಸಿನಿಮಾ ಆರಿಸುವ ಕೆಲಸ ನನ್ನದು. ಮೊದಲ ತಿಂಗಳ ಪಟ್ಟಿ ರೆಡಿ ಇದೆ. ಜಾಸ್ತಿ ಸಿನಿಮಾ ಹಿಡಿಸಲಿ ಅಂತ ಪ್ರತಿಯೊಂದಕ್ಕೂ ಒಂದೊಂದೇ ಶೋ ಕೊಟ್ಟಿದ್ದೇನೆ. ಪಟ್ಟಿ ನೋಡಿದರೆ ಮನಸ್ಸು ತುಂಬುತ್ತದೆ. ಆದರೆ ಜನ ಬರುತ್ತಾರಾ? ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಮ್ಯಾಟಿನಿಪ್ರಿಯ:
ನಾನು ಬಹಳ ಕಾಲ ಇದೇ ಕೆಲಸ ಮಾಡಿದವನು. ನಿಮ್ಮ ಆಸೆ ಕೇಳಿ ತುಂಬಾ ಖುಷಿಯಾಯಿತು. ಆದರೆ ಒಂದೊಂದೇ ಶೋ ಬೇಡ, ದಯವಿಟ್ಟು.

ಇಂಥ ಸಿನಿಮಾಗೆ ಪೋಸ್ಟರ್ ನೋಡಿ ಬರುವವರು ಕಮ್ಮಿ. ನೋಡಿ ಬಂದವರು ಹೇಳಿದ ಮೇಲೆ ಬರುವವರೇ ಜಾಸ್ತಿ. ಸೋಮವಾರ ನೋಡಿದವರು ಮಂಗಳವಾರ ಗೆಳೆಯರಿಗೆ ಹೇಳುತ್ತಾರೆ. ಆ ಗೆಳೆಯರು ಹೊರಡುವ ಹೊತ್ತಿಗೆ ಸಿನಿಮಾ ಎತ್ತಂಗಡಿಯಾಗಿರುತ್ತದೆ. ಬಾಯಿಂದ ಬಾಯಿಗೆ ಸುದ್ದಿ ಹೋಗೋಕೆ ಒಂದಿಷ್ಟು ದಿನ ಬೇಕಲ್ವಾ? ಹನ್ನೆರಡು ಸಿನಿಮಾ ಒಂದೊಂದು ಸಲ ಹಾಕುವ ಬದಲು ನಾಲ್ಕು ಸಿನಿಮಾ ಮೂರ್ಮೂರು ಸಲ ಹಾಕಿ. ಒಂದು ಶೋ ಸಂಜೆ, ಒಂದು ರಜೆಯ ದಿನ ಮಧ್ಯಾಹ್ನ, ಇನ್ನೊಂದು ಕೆಲಸದ ದಿನ ಬೆಳಗ್ಗೆ. ಬೆಳಗಿನ ಶೋಗೆ ಯಾರು ಬರುತ್ತಾರೆ ಅನ್ನಬೇಡಿ. ವಯಸ್ಸಾದವರು ಬರುತ್ತಾರೆ, ರಾತ್ರಿ ಪಾಳಿ ಮುಗಿಸಿದವರು ಬರುತ್ತಾರೆ, ಕೈಗೂಸಿನ ತಾಯಂದಿರು ಬರುತ್ತಾರೆ.

ಇನ್ನೊಂದು ಮಾತು, ಇದನ್ನೇ ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು: ದಿನ ಮತ್ತು ಹೊತ್ತು ಖಾಯಂ ಮಾಡಿ. ಡಾಕ್ಯುಮೆಂಟರಿ ಅಂದರೆ ಬುಧವಾರ ಸಂಜೆ. ಹಳೆಯ ಸಿನಿಮಾ ಅಂದರೆ ಭಾನುವಾರ ಮ್ಯಾಟಿನಿ. ಏನೇ ಬಂದರೂ ಅದನ್ನು ಅಲುಗಾಡಿಸಬೇಡಿ. ಹೊಸ ಸಿನಿಮಾ ಒಂದು ಭರ್ಜರಿ ಓಡುತ್ತಿದೆ ಅಂತ ಬುಧವಾರವನ್ನು ಅದಕ್ಕೆ ಕೊಟ್ಟರೆ, ಅಭ್ಯಾಸ ಮಾಡಿಕೊಂಡು ಬಂದವರು ಬಾಗಿಲಲ್ಲೇ ವಾಪಸ್ ಹೋಗುತ್ತಾರೆ. ಅವರನ್ನು ಮತ್ತೆ ಕರೆತರೋದು ಬಲು ಕಷ್ಟ. ಸಿನಿಮಾದ ಹೆಸರೇ ಕೇಳಿರದಿದ್ದರೂ ‘ಈ ಬುಧವಾರ ಏನಿದೆ?’ ಎಂದು ಟಿಕೆಟ್ ಕೌಂಟರ್‌ನಲ್ಲಿ ಕೇಳುವವರು ಸಿಕ್ಕರೆ ನಿಮ್ಮ ಆಯ್ಕೆಯ ಮೇಲೆ ಅವರಿಗೆ ನಂಬಿಕೆ ಬಂತು ಎಂದೇ ಅರ್ಥ. ಮೊದಮೊದಲು ಕುರ್ಚಿ ಖಾಲಿ ಇರುತ್ತವೆ, ಇರಲಿ.

ಹೊಸ ಸಿನಿಮಾಗೆ ದಿನದ ಎಲ್ಲ ಶೋಗಳನ್ನೂ ಕೇಳುವ ಹಂಚಿಕೆದಾರರಿದ್ದಾರೆ. ಎರಡನೇ ಹಾಲ್‌ನ ನಿಜವಾದ ಬಲ ಗೊತ್ತಾಗೋದು ಆಗಲೇ. ಒಂದು ಪರದೆ ಅವರಿಗೆ ಬಿಟ್ಟುಕೊಟ್ಟರೂ ಇನ್ನೊಂದು ನಿಮ್ಮ ಕೈಯಲ್ಲೇ ಇರುತ್ತದೆ. ಯಾವ ಪರದೆ, ದಿನಕ್ಕೆ ಎಷ್ಟು ಶೋ, ಎಷ್ಟು ವಾರ ಅನ್ನೋದನ್ನು ಮೊದಲೇ ಬರೆಸಿಕೊಳ್ಳಿ.

ಹಳೆಯ ಸಿನಿಮಾಗಳ ಹಕ್ಕಿನ ವಿಷಯದಲ್ಲೂ ಹುಷಾರು. ಡಿಸ್ಕ್ ನಿಮ್ಮ ಹತ್ತಿರ ಇದ್ದ ಮಾತ್ರಕ್ಕೆ ಥಿಯೇಟರ್‌ನಲ್ಲಿ ತೋರಿಸುವ ಹಕ್ಕು ಬರುವುದಿಲ್ಲ. ಎಷ್ಟೋ ಸಲ ಸಿನಿಮಾದ ಪ್ರತಿ, ಅಂದರೆ ಪ್ರಿಂಟ್, ಹಳೆಯ ಸಿನಿಮಾಗಳನ್ನು ಕಾಪಾಡುವ ಒಂದು ಆರ್ಕೈವ್‌ನಲ್ಲಿ ಇರುತ್ತದೆ, ಹಕ್ಕು ಬೇರೆಯವರ ಹತ್ತಿರ ಇರುತ್ತದೆ. ಆಗ ಇಬ್ಬರ ಒಪ್ಪಿಗೆಯೂ ಬೇಕು.

ಹಿಂದಿನಸಾಲು:
ಮೇಲಿನವರ ಮಾತಿಗೆ ಒಂದು ಉದಾಹರಣೆ. ನ್ಯೂಯಾರ್ಕ್‌ನ ಫಿಲ್ಮ್ ಫೋರಂ ಅನ್ನೋ ಥಿಯೇಟರ್ 1970ರಲ್ಲಿ ಶುರುವಾದಾಗ ಇದ್ದದ್ದು 50 ಮಡಿಸುವ ಕುರ್ಚಿ, ಒಂದು ಪ್ರೊಜೆಕ್ಟರ್. 2018ರಲ್ಲಿ ಕೆಲಕಾಲ ಮುಚ್ಚಿ, ನಾಲ್ಕನೇ ಪರದೆ ಸೇರಿಸಿಕೊಂಡು ಮತ್ತೆ ತೆರೆದರು. ಹೊಸ ಸ್ವತಂತ್ರ ಸಿನಿಮಾ, ಹಳೆಯ ಸಿನಿಮಾ ಎರಡೂ ಅಲ್ಲಿ ಅಕ್ಕಪಕ್ಕದಲ್ಲೇ ಓಡುತ್ತವೆ.

ಇನ್ನು ನನ್ನದೇ ಒಂದು ಕೋರಿಕೆ. ನನಗೆ ಕಿವಿ ಸ್ವಲ್ಪ ಮಂದ. ನನ್ನ ಭಾಷೆಯ ಸಿನಿಮಾಗೂ ಸಬ್‌ಟೈಟಲ್ ಇದ್ದರೆ ಮಾತ್ರ ಪೂರ್ತಿ ಅರ್ಥವಾಗುತ್ತದೆ. ವಾರಕ್ಕೆ ಒಂದೇ ಒಂದು ಶೋ ಹಾಗೆ ಇಟ್ಟರೂ ಸಾಕು. ಆದರೆ ಅದನ್ನು ಯಾರೂ ಬರಲಾಗದ ಹೊತ್ತಿಗೆ ತಳ್ಳಬೇಡಿ. ಸಬ್‌ಟೈಟಲ್ ಇದೆಯೋ ಇಲ್ಲವೋ ಅನ್ನೋದು ಶೋ ಪಟ್ಟಿಯಲ್ಲೇ ಗೊತ್ತಾಗಲಿ, ಫೋನ್ ಮಾಡಿ ಕೇಳುವ ಹಾಗೆ ಆಗಬಾರದು.

ರೀಲುಗಾರ:
ನಾನು ಪ್ರೊಜೆಕ್ಟರ್ ಆಪರೇಟರ್. ಥರಾವರಿ ಸಿನಿಮಾ ಅಂದ ಕೂಡಲೇ ಎಲ್ಲರೂ ಪಟ್ಟಿಯ ಬಗ್ಗೆ ಮಾತಾಡುತ್ತಾರೆ, ಪರದೆಯ ಬಗ್ಗೆ ಯಾರೂ ಕೇಳುವುದಿಲ್ಲ. ಹೊಸ ಹಾಲ್‌ನ ಪರದೆಗೆ ಪಕ್ಕದ ಕಪ್ಪು ಬಟ್ಟೆ ಸರಿಸಲು ಬರುತ್ತದಾ? ಬಹಳ ಹಳೆಯ ಸಿನಿಮಾಗಳ ಚಿತ್ರದ ಅಳತೆ 1.37. ಅಂದರೆ ಅಗಲ ಎತ್ತರದ 1.37 ಪಟ್ಟು. ಅದನ್ನು 1.85 ಅಳತೆಯ ಪರದೆಗೆ ಹಾಕಿದರೆ ಎಡಕ್ಕೂ ಬಲಕ್ಕೂ ಖಾಲಿ ಜಾಗ ಉಳಿಯುತ್ತದೆ. ಡಿಜಿಟಲ್ ಪ್ರೊಜೆಕ್ಟರ್‌ನಲ್ಲಿ ಆ ಜಾಗ ಪೂರ್ತಿ ಕಪ್ಪಾಗಿರುವುದಿಲ್ಲ, ಬೂದಿ ಬಣ್ಣಕ್ಕೆ ಮಿಣುಗುತ್ತಿರುತ್ತದೆ. ಕತ್ತಲೆಯ ದೃಶ್ಯ ಬಂದಾಗ ಕಣ್ಣು ಅಲ್ಲಿಗೇ ಹೋಗುತ್ತದೆ. ಕಪ್ಪು ಬಟ್ಟೆಯನ್ನು ಚಿತ್ರದ ಅಂಚಿಗೆ ಸರಿಸಿ ನೋಡಿ, ಅದೇ ಚಿತ್ರಕ್ಕೆ ಕಳೆ ಬರುತ್ತದೆ. ಜಾಗ ತುಂಬಿಸೋಕೆ ಅಂತ ಚಿತ್ರವನ್ನು ಹಿಗ್ಗಿಸಿ ತಲೆ, ಕಾಲು ಕತ್ತರಿಸುವುದು ಮಾತ್ರ ಬೇಡವೇ ಬೇಡ.

ಸಬ್‌ಟೈಟಲ್ ಮಾತು ಬಂತಲ್ಲ, ಚಿಕ್ಕ ಹಾಲ್‌ನಲ್ಲಿ ನೆಲ ಸಮತಟ್ಟಾಗಿದ್ದರೆ ಮುಂದಿನವರ ತಲೆ ಸರಿಯಾಗಿ ಅಕ್ಷರದ ಮೇಲೇ ಬರುತ್ತದೆ. ಎತ್ತರದವರನ್ನು ಮುಂದೆ ಕೂರಿಸಿ, ಹಿಂದಿನ ಪ್ರತಿ ಸಾಲಿನಿಂದಲೂ ಓದಿ ನೋಡಿ.

ಡಿಜಿಟಲ್ ಸಿನಿಮಾ ಓಡಿಸುವ ಕಂಪ್ಯೂಟರ್, ಅಂದರೆ ಸರ್ವರ್, ಹೊಸದಾ? ಹಾಗಿದ್ದರೆ ಅದರ ಗುರುತಿನ ಡಿಜಿಟಲ್ ಸರ್ಟಿಫಿಕೇಟ್ ಹಂಚಿಕೆದಾರರಿಗೆ ಈಗಲೇ ಕಳಿಸಿ. ಥಿಯೇಟರ್‌ಗೆ ಸಿನಿಮಾ ಬರುವುದು ಡಿಸಿಪಿ ಅನ್ನೋ ಬೀಗ ಹಾಕಿದ ಡಿಜಿಟಲ್ ಫೈಲುಗಳಲ್ಲಿ. ಅದರ ಬೀಗ ತೆಗೆಯುವ ಡಿಜಿಟಲ್ ಕೀಲಿ, ಅಂದರೆ ಕೆಡಿಎಂ, ಆ ಒಂದು ಸರ್ವರ್‌ಗೆ ಅಂತಲೇ, ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆಯವರೆಗೆ ಅಂತಲೇ ತಯಾರಾಗುತ್ತದೆ. ಹಳೆಯ ಸರ್ವರ್‌ನ ಹೆಸರಿಗೆ ಬಂದರೆ ಶೋ ಹೊತ್ತಿಗೆ ಸಿನಿಮಾ ತೆರೆಯುವುದೇ ಇಲ್ಲ.

ಎರಡನೇಪರದೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್ವರ್ ಹೊಸದೇ, ಸರ್ಟಿಫಿಕೇಟ್ ಇವತ್ತೇ ಕಳಿಸುತ್ತೇನೆ. ಪಟ್ಟಿಯನ್ನು ಮತ್ತೆ ಮಾಡುತ್ತಿದ್ದೇನೆ. ಬುಧವಾರ ಸಂಜೆ, ಭಾನುವಾರ ಮ್ಯಾಟಿನಿ ಖಾಯಂ. ಸಬ್‌ಟೈಟಲ್ ಶೋ ಶನಿವಾರ ಸಂಜೆಗೆ ಇಡುತ್ತೇನೆ.

ರೀಲುಗಾರ ಸರ್, ದೊಡ್ಡ ಹಾಲ್‌ನ ಪ್ರೊಜೆಕ್ಟರ್ ಕೋಣೆಯಲ್ಲಿ ಫಿಲ್ಮ್ ರೀಲು ಓಡಿಸುವ 35 ಎಂಎಂ ಪ್ರೊಜೆಕ್ಟರ್ ಎರಡೂ ಹಾಗೇ ಇವೆ. ಮಾರೋಣ ಅನ್ನುತ್ತಿದ್ದಾರೆ. ಏನು ಮಾಡಲಿ?

ರೀಲುಗಾರ:
ಮಾರಬೇಡಿ! ಎರಡೂ ಇರೋದೇ ನಿಮ್ಮ ಪುಣ್ಯ. ಒಂದು ರೀಲು ಸುಮಾರು 20 ನಿಮಿಷ ಓಡುತ್ತದೆ. ಒಂದರಲ್ಲಿ ಮುಗಿಯುವಾಗ ಇನ್ನೊಂದರಲ್ಲಿ ಮುಂದಿನದು ಶುರುವಾಗಬೇಕು. ಚಿತ್ರದ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತದೆ, ಆಗ ಎರಡನೇ ಮೆಷಿನ್‌ನ ಮೋಟಾರ್ ಹಾಕಬೇಕು. ಸ್ವಲ್ಪ ಹೊತ್ತಿಗೆ ಇನ್ನೊಂದು ಚುಕ್ಕಿ, ಆಗ ಬದಲಾಯಿಸಬೇಕು. ಮೆಷಿನ್ ಒಂದೇ ಇದ್ದರೆ ರೀಲುಗಳನ್ನು ಕತ್ತರಿಸಿ ಒಟ್ಟಿಗೆ ಅಂಟಿಸಬೇಕಾಗುತ್ತದೆ. ಅದಕ್ಕೆ ಎಷ್ಟೋ ಆರ್ಕೈವ್‌ಗಳು ಒಪ್ಪುವುದಿಲ್ಲ, ಪ್ರಿಂಟ್ ಕೊಡುವುದೇ ಇಲ್ಲ.

ಮೊದಲು ಯಾವುದಾದರೂ ಬೇಡದ ಟ್ರೈಲರ್ ರೀಲು ಹಾಕಿ ಓಡಿಸಿ ನೋಡಿ. ಲ್ಯಾಂಪಿನ ಬೆಳಕಿನ ಮುಂದೆ ಫಿಲ್ಮ್ ಹಾದುಹೋಗುವ ಕಿಂಡಿ, ಅಂದರೆ ಗೇಟ್, ಒರೆಸಿ, ಎಣ್ಣೆ ನೋಡಿ, ಲ್ಯಾಂಪ್ ಎಷ್ಟು ಗಂಟೆ ಉರಿದಿದೆ ಅಂತ ಮೀಟರ್ ನೋಡಿ. ಫಿಲ್ಮ್ ಮೇಲೆ ಉದ್ದಕ್ಕೆ ಗೀರು ಬಿದ್ದರೆ ಯಾವ ರೋಲರ್ ಹತ್ತಿರ ಬೀಳುತ್ತಿದೆ ಅಂತ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.